ಕರಿಯನನ್ನು ಎಲ್ಲಿ ಕೂರಿಸಿ ಬಂದೆ?

ಮೊನ್ನೆ ಬೇಸಿಗೆ ರಜೆಯ ಒಂದು ಭಾನುವಾರ. ಕಾವಲಿಗೆ ಎಣ್ಣೆ ಸವರಿ ಇನ್ನೇನು ದೋಸೆ ಹುಯ್ಯಬೇಕು, ಅಷ್ಟರಲ್ಲಿ ನಡುಮನೆಯಿಂದ "ಅಮ್ಮಾ, ಕರಿಯ ಕಳೆದುಹೋದ!" ಎಂದು ನಮ್ಮ ಪುಟ್ಟ ಕಿರುಚಿಕೊಂಡ. ಸೌಟು ಹಿಡಿದುಕೊಂಡೇ ಓಡಿದೆ. ಬಾಗಿಲವರೆಗೆ ಹೋದ ಮೇಲೆ ನೆನಪಾಯಿತು, ನಮ್ಮ ಮನೆಯಲ್ಲಿ ಈಗ ನಾಯಿಯೇ ಇಲ್ಲವಲ್ಲ! ನಮ್ಮ ಕರಿಯನನ್ನು ಸಾಗರದಲ್ಲಿ ಬಿಟ್ಟು ಬಂದು ಎರಡು ವರ್ಷವಾಯಿತು. ಆ ಕಥೆ ಆಮೇಲೆ ಹೇಳುತ್ತೇನೆ.

ತಿರುಗಿ ನೋಡಿದರೆ ಆರನೇ ಕ್ಲಾಸು ಮುಗಿಸಿದ ಹುಡುಗ ಕಂಪ್ಯೂಟರಿನ ಮುಂದೆ ಕೂತು ಗೊಳೋ ಎಂದು ಅಳುತ್ತಿದ್ದಾನೆ. ಕಳೆದದ್ದು ಆಟದೊಳಗಿನ ನಾಯಿ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಇಲ್ಲದ ನಾಯಿಗೆ ಇರೋ ಕಣ್ಣೀರು ಸುರಿಸ್ತೀಯಲ್ಲೋ! ಆರಿಸಿ ಏಳು" ಎಂದು ಗದರಿದೆ. ಪೇಪರಿನ ಹಿಂದಿನಿಂದ ನಮ್ಮವರು, "ಮೊನ್ನೆ ಧಾರಾವಾಹಿಯಲ್ಲಿ ಸೊಸೆ ಮನೆ ಬಿಟ್ಟು ಹೋದಾಗ ಯಾರೋ ಸೆರಗಿನಲ್ಲಿ ಮೂಗು ಒರೆಸ್ಕೋತಿದ್ರಪ್ಪ" ಎಂದರು. ಕಾವಲಿ ಹೊಗೆಯಾಡುತ್ತಿತ್ತು, ನಾನು ಉತ್ತರ ಕೊಡಲಿಲ್ಲ.

ಮಕ್ಕಳಿರುವ ಮನೆಯವರಿಗೆ ಈ ಆಟದ ಹೆಸರು ಗೊತ್ತಿದ್ದೇ ಇರುತ್ತದೆ: ಮೈನ್‌ಕ್ರಾಫ್ಟ್. ಸ್ವೀಡನ್ ದೇಶದಲ್ಲಿ ಹುಟ್ಟಿದ ಇದು 2011ರಲ್ಲಿ ಪೂರ್ಣರೂಪದಲ್ಲಿ ಹೊರಬಂತು. 2023ರ ಹೊತ್ತಿಗೆ 30 ಕೋಟಿ ಪ್ರತಿಗಳು ಮಾರಾಟವಾಗಿದ್ದವು. ಗುರಿ, ಗೆಲುವು ಎಂಬ ಅವಸರವಿಲ್ಲ. ಒಂದು ದೊಡ್ಡ ಪ್ರಪಂಚ, ಅದರಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು, ಮನೆ ಕಟ್ಟಬಹುದು, ಗೋಧಿ ಬೆಳೆಯಬಹುದು. ಎಷ್ಟು ದೊಡ್ಡದು ಅಂತೀರಿ? ಆ ಕಡೆಯಿಂದ ಈ ಕಡೆಗೆ 6 ಕೋಟಿ ಚೌಕ. ಒಂದು ಚೌಕವೆಂದರೆ ಒಂದು ಮೀಟರ್ ಲೆಕ್ಕ. ಅಂದರೆ 60,000 ಕಿಲೋಮೀಟರ್. ನಮ್ಮ ಭೂಮಿಯ ಸುತ್ತಳತೆಯೇ 40,000! ಅಂಥ ಕಡೆ ನಾಯಿ ಕಳೆದರೆ ಹುಡುಕುವುದು ಹೇಗೆ, ನೀವೇ ಹೇಳಿ.

ಇನ್ನು ಆ ನಾಯಿಯ ವಿಚಾರ. ಅಲ್ಲಿ ನಾಯಿ ಸುಮ್ಮನೆ ಸಿಗುವುದಿಲ್ಲ. ಕಾಡಿನ ತೋಳಕ್ಕೆ ಮೂಳೆ ಕೊಡುತ್ತಾ ಪಳಗಿಸಬೇಕು. ಒಂದು ಮೂಳೆಗೆ ಒಲಿದರೆ ಅದೃಷ್ಟ, ಕೆಲವು ಸಲ ಆರೇಳು ಬೇಕಾಗುತ್ತದೆ. ಒಲಿದ ಗಳಿಗೆಯಲ್ಲಿ ಕುತ್ತಿಗೆಗೆ ಕೆಂಪು ಪಟ್ಟಿ ಬೀಳುತ್ತದೆ. ಆಮೇಲೆ ಅದು ನಮ್ಮದು. ಎಲ್ಲಿ ಹೋದರೂ ಹಿಂದೆ ಬರುತ್ತದೆ, ಜಗಳಕ್ಕೆ ಬಂದವರ ಮೇಲೆ ಬೀಳುತ್ತದೆ. ಪೆಟ್ಟು ತಿಂದರೆ ಬಾಲ ಇಳಿಬೀಳುತ್ತದೆ, ಮಾಂಸ ತಿನ್ನಿಸಿದರೆ ಬಾಲ ಮತ್ತೆ ಏಳುತ್ತದೆ. 2024ರಲ್ಲಿ ಬೇರೆ ಬೇರೆ ಬಣ್ಣದ ತೋಳಗಳು ಬಂದವು. ಅದರಲ್ಲಿ ಕರಿ ಬಣ್ಣದ್ದು ಇರುವುದು ಹಳೆಯ ಪೈನ್ ಮರಗಳ ಒಂದು ಬಗೆಯ ಕಾಡಿನಲ್ಲಿ ಮಾತ್ರವಂತೆ. ನಮ್ಮ ಪುಟ್ಟ ಅದಕ್ಕಾಗಿ ಎಷ್ಟೋ ಸಂಜೆ ಅಲೆದು, ಹುಡುಕಿ, ಪಳಗಿಸಿ, ಗಾಳ ಹಾಕಿ ಹಿಡಿದ ಹೆಸರಿನ ಚೀಟಿಯೊಂದನ್ನು ಅದಕ್ಕೆ ಕಟ್ಟಿ 'ಕರಿಯ' ಎಂದು ಹೆಸರಿಟ್ಟಿದ್ದನಂತೆ. ಇದೆಲ್ಲ ನನಗೆ ಆವತ್ತಿನವರೆಗೆ ಗೊತ್ತೇ ಇರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕರೆದರೆ ಬರಲಿಲ್ಲ. ಮನಸ್ಸು ತಡೆಯದೆ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಇಂಥ ಆಟಗಳಲ್ಲಿ ಪಳಗಿದ ಹುಲಿ. "ಚಿಕ್ಕಮ್ಮ, ಇದು ಎಲ್ರಿಗೂ ಆಗುತ್ತೆ" ಎಂದು ನಕ್ಕ. ಸ್ಕೈರಿಮ್ ಎಂಬ 2011ರ ಆಟವನ್ನು ಅವನು ಆಡಿದ್ದಾನೆ. ಅದು ದೊಡ್ಡವರ ಆಟ, ಕತ್ತಿ, ರಕ್ತ ಎಲ್ಲ ಇದೆ. ಅದರಲ್ಲಿ ಲಿಡಿಯಾ ಎಂಬ ಅಂಗರಕ್ಷಕಿಯೊಬ್ಬಳು ಸಿಗುತ್ತಾಳೆ. ನಮ್ಮ ಗಂಟುಮೂಟೆಯನ್ನೆಲ್ಲ ಹೊತ್ತು ಹಿಂದೆ ಬರುವುದು ಅವಳ ಕೆಲಸ. ಗುಹೆಯ ಬಾಗಿಲಲ್ಲಿ "ಇಲ್ಲೇ ನಿಂತಿರು" ಎಂದು ಹೇಳಿ ಒಳಗೆ ಹೋದರೆ ನಿಂತಿರುತ್ತಾಳೆ. ಆದರೆ ಎಷ್ಟು ದಿನ? ಆಟದ ಲೆಕ್ಕದಲ್ಲಿ ಮೂರು ದಿನ. ಅಲ್ಲಿಯ ಒಂದು ದಿನಕ್ಕೆ ನಮ್ಮ 72 ನಿಮಿಷ; ಮೂರು ದಿನವೆಂದರೆ ನಮ್ಮ ಮೂರೂವರೆ ಗಂಟೆ ಚಿಲ್ಲರೆ. ಆಮೇಲೆ ಕಾದು ಬೇಸರವಾಗಿ ತನ್ನ ಪಾಡಿಗೆ ತಾನು ಮನೆಗೆ ಹೋಗಿಬಿಡುತ್ತಾಳೆ. "ನಾನು ಗುಹೆಯೆಲ್ಲ ಜಾಲಾಡ್ತಾ ಇದ್ದೆ ಚಿಕ್ಕಮ್ಮ, ಅವಳು ನೋಡಿದ್ರೆ ಊರಿನ ಮನೇಲಿ ಆರಾಮಾಗಿ ಕೂತಿದ್ಲು!" ನನಗೆ ಆ ಲಿಡಿಯಾಳ ಮೇಲೆ ಗೌರವ ಬಂತು. ಸಿನಿಮಾ ಥಿಯೇಟರಿನ ಮುಂದೆ "ಐದು ನಿಮಿಷ ನಿಂತಿರು" ಎಂದು ಹೋದ ನಮ್ಮವರಿಗಾಗಿ ಒಂದೂವರೆ ಗಂಟೆ ನಿಂತವಳು ನಾನು. ಮೊದಲೇ ಗೊತ್ತಿದ್ದರೆ ಆಟೋ ಹಿಡಿದು ಮನೆಗೆ ಬರುತ್ತಿದ್ದೆ.

ಅಷ್ಟು ಹೊತ್ತಿಗೆ ಜಪಮಣಿ ಹಿಡಿದು ಕೂತಿದ್ದ ನಮ್ಮ ಅತ್ತೆಯವರು ಎದ್ದು ಬಂದು ಮೊಮ್ಮಗನ ಪಕ್ಕ ಕೂತರು. ಕಂಪ್ಯೂಟರ್ ಎಂದರೆ ಅವರಿಗೆ ಟಿವಿಯ ಇನ್ನೊಂದು ಅವತಾರ, ಅಷ್ಟೆ. ಆದರೆ ಕೇಳಿದ್ದು ಒಂದೇ ಪ್ರಶ್ನೆ: "ಕೊನೇಸಲ ಅವನ್ನ ಎಲ್ಲಿ ಕೂರಿಸಿ ಬಂದೆ ಮಗಾ?"

ಕನ್ನಡಕ ಕಳೆದಾಗ, ಬೀರುವಿನ ಕೀಲಿ ಕಳೆದಾಗ ಅವರು ಕೇಳುವ ಪ್ರಶ್ನೆ ಅದೇ. ಪುಟ್ಟ ಅಳು ನಿಲ್ಲಿಸಿ ಯೋಚಿಸತೊಡಗಿದ.

ಆ ಆಟದಲ್ಲಿ ನಾಯಿಗೆ ಕೂರು ಎಂದರೆ ಕೂತುಬಿಡುತ್ತದೆ. ನಿಂತಿದ್ದರೆ, ನಾವು 12 ಚೌಕ ದೂರ ಹೋದೊಡನೆ ಹಾರಿ ಬಂದು ಪಕ್ಕದಲ್ಲಿ ಪ್ರತ್ಯಕ್ಷ. ಕೂರಿಸಿದ್ದರೆ ಮಾತ್ರ ನಾವೇ ಹೋಗಿ ಎಬ್ಬಿಸುವವರೆಗೆ ಬರುವುದಿಲ್ಲ. ಪುಟ್ಟ ದೋಣಿಯಲ್ಲಿ ಕರಿಯನನ್ನೂ ಹತ್ತಿಸಿಕೊಂಡು ನದಿಗುಂಟ ಬಹಳ ದೂರ ಹೋಗಿದ್ದನಂತೆ. ಅಲ್ಲೊಂದು ಗಣಿ. ಒಳಗೆ ಕುದಿಯುವ ಲಾವಾರಸ ಇರುತ್ತದೆ, ನಾಯಿ ಬಿದ್ದರೆ ಗತಿಯೇನು ಎಂದು ಹೊರಗೆ ಕೂರಿಸಿ, ತಾನೊಬ್ಬನೇ ಇಳಿದ. ಬಿದ್ದದ್ದು ತಾನು! ಆಟದಲ್ಲಿ ಸತ್ತವರು ತಾವು ಮಲಗುವ ಹಾಸಿಗೆಯ ಬಳಿ ಮತ್ತೆ ಎದ್ದು ಬರುತ್ತಾರೆ. ಇವನು ಮನೆಯಲ್ಲಿ ಎದ್ದ, ಕರಿಯ ಅಲ್ಲೇ ಉಳಿದ. ಅಷ್ಟರಲ್ಲಿ ಪರೀಕ್ಷೆ ಬಂತು, ನಾನು ಕಂಪ್ಯೂಟರಿಗೆ ಬೀಗ ಹಾಕಿದೆ. ತಿಂಗಳು ಕಳೆದು ಕೂತರೆ ದಾರಿ ಮರೆತಿದೆ.

"ಸತ್ತೇ ಹೋಗಿದ್ರೆ?" ಎಂದೆ, ಬಾಯಿ ತಪ್ಪಿ. "ಇಲ್ಲಮ್ಮ, ಸತ್ರೆ ಅಕ್ಷರದಲ್ಲಿ ಬರುತ್ತೆ, ಇಂಥವನು ಸತ್ತ ಅಂತ. ಬಂದಿಲ್ಲ. ಇದ್ದಾನೆ" ಎಂದ. ಅಜ್ಜಿ ಒಂದೊಂದಾಗಿ ಕೇಳುತ್ತಾ ಹೋದರು. ನದಿ ಎಡಕ್ಕೆ ತಿರುಗಿತ್ತಾ? ಅಲ್ಲಿ ಏನು ಬೆಳೆದಿತ್ತು? "ಕುಂಬಳಕಾಯಿ!" ಎಂದ ಹುಡುಗ. ಕಾಡು ಕುಂಬಳದ ಒಂದು ಗುಂಪು ನೋಡಿದ್ದು ನೆನಪಾಯಿತು. ಗಣಿಯ ಬಾಯಲ್ಲಿ ಪಂಜು ಹಚ್ಚಿಟ್ಟಿದ್ದೂ ನೆನಪಾಯಿತು. ಹೊಸ ದೋಣಿ ಮಾಡಿಕೊಂಡು ಹೊರಟ. ಅಲ್ಲಿಯ ಹಗಲು ರಾತ್ರಿ ಸೇರಿ 20 ನಿಮಿಷ. ಎರಡು ರಾತ್ರಿ ಕಳೆಯಿತು, ಮೂರನೇ ಬೆಳಗಿನಲ್ಲಿ ಕುಂಬಳಕಾಯಿ ಕಂಡಿತು. ಅದರಾಚೆ ಮಿಣುಕು ಪಂಜು. ಪಂಜಿನ ಕೆಳಗೆ ಕರಿಯ, ಕೂರಿಸಿದ ಹಾಗೆಯೇ ಕೂತಿದ್ದ. ಪುಟ್ಟ ಕೈಯಲ್ಲಿ ಮೂಳೆ ಹಿಡಿದ, ಅದು ಕತ್ತು ಓರೆ ಮಾಡಿ ನೋಡಿತು. ಅಜ್ಜಿ "ಅಯ್ಯೋ ನನ್ನಪ್ಪಾ!" ಎಂದು ಪರದೆಯನ್ನೇ ನೇವರಿಸಿದರು. ನನ್ನ ಕಣ್ಣು ಯಾಕೆ ಒದ್ದೆಯಾಯಿತೋ, ನಮ್ಮವರ ಮುಂದೆ ಒಪ್ಪಿಕೊಳ್ಳಲಿಲ್ಲ.

"ಒಂದು ತಿಂಗಳು ಊಟ ಇಲ್ದೆ ಕೂತಿತ್ತೇನೋ!" ಎಂದೆ.

"ಇಲ್ಲಮ್ಮ. ನಾವು ಹತ್ರ ಇರೋ ಜಾಗ ಮಾತ್ರ ನಡೆಯುತ್ತೆ. ನಾವು ದೂರ ಹೋದ್ರೆ ಅಲ್ಲಿ ಕಾಲ ನಿಂತುಬಿಡುತ್ತೆ. ಅವನಿಗೆ ನಾನು ಈಗ ತಾನೇ ಗಣಿಗೆ ಇಳಿದು ಬಂದ ಹಾಗೆ" ಎಂದು ವಿವರಿಸಿದ. ಆ ಪ್ರಪಂಚವನ್ನು 16 ಚೌಕ ಉದ್ದ, 16 ಚೌಕ ಅಗಲದ ತುಂಡುಗಳಾಗಿ ಕತ್ತರಿಸಿ, ಆಡುವವನ ಸುತ್ತಲಿನ ಒಂದಿಷ್ಟು ತುಂಡುಗಳನ್ನು ಮಾತ್ರ ಕಂಪ್ಯೂಟರ್ ನಡೆಸುತ್ತದಂತೆ. ಉಳಿದದ್ದೆಲ್ಲ ಮಡಿಸಿಟ್ಟ ರೇಷ್ಮೆ ಸೀರೆಯ ಹಾಗೆ. ಹಸಿವಿಲ್ಲ, ಮುಪ್ಪಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹುಡುಗ ಕೇಳಿದ: "ಸಾಗರದ ಕರಿಯನಿಗೆ ಕಾಲ ನಿಲ್ಲಲ್ಲ ಅಲ್ವಾಮ್ಮ?"

ಸೋದರಿಯರೇ, ಈಗ ಆ ಕಥೆ. ಎರಡು ವರ್ಷದ ಹಿಂದೆ ನಮ್ಮವರಿಗೆ ಸಾಗರದಿಂದ ಬೆಂಗಳೂರಿಗೆ ವರ್ಗವಾಯಿತು. ಇಲ್ಲಿ ಸಿಕ್ಕಿದ್ದು ಮೂರನೇ ಮಹಡಿಯ ಬಾಡಿಗೆ ಮನೆ, ನಾಯಿ ಕೂಡದು ಎಂಬ ಷರತ್ತು. ಎದುರು ಮನೆಯ ಹಾಲಿನಮ್ಮ "ನನ್ನ ಹತ್ರ ಇರಲಿ ಬಿಡಿ" ಎಂದು ಇಟ್ಟುಕೊಂಡರು. ಲಾರಿ ಹೊರಡುವಾಗ ಕರಿಯ ಹಿಂದೆಯೇ ಓಡಿ ಬಂದ. ಪುಟ್ಟ ಅಳುತ್ತಿದ್ದ. ಹೇಗಾದರೂ ಸಮಾಧಾನವಾಗಲಿ ಎಂದು ನಾನೇ ಹೇಳಿಸಿದೆ: "ಕೂರು ಅನ್ನು. ಮುಂದಿನ ವಾರ ಬರ್ತೀವಿ ಅನ್ನು." ಹುಡುಗ ಹೇಳಿದ, ಕರಿಯ ಗೇಟಿನ ಮುಂದೆ ಕೂತ. ನಾವು ಹೋಗಲಿಲ್ಲ. ಹಾಲಿನಮ್ಮ ಫೋನಿನಲ್ಲಿ, "ಎಂಟು ದಿನ ನಿಮ್ಮ ಗೇಟು ಬಿಟ್ಟು ಏಳ್ಲಿಲ್ಲ ಮಾರಾಯ್ತಿ" ಎಂದಿದ್ದರು. ಅದನ್ನು ನಾನು ಮಗನಿಗೆ ಹೇಳಲಿಲ್ಲ. ಮಕ್ಕಳು ಬೇಗ ಮರೆಯುತ್ತಾರೆ ಎಂದುಕೊಂಡೆ. ಅವನು ಮರೆತಿರಲಿಲ್ಲ, ಇನ್ನೊಂದು ಪ್ರಪಂಚದಲ್ಲಿ ಅದೇ ಬಣ್ಣದ ನಾಯಿ ಹುಡುಕುತ್ತಿದ್ದ.

ಅಕ್ಕನ ಮಗ ಇನ್ನೊಂದು ವಿಷಯವನ್ನೂ ಹೇಳಿದ್ದ. 2015ರಲ್ಲಿ ಬಂದ ಫಾಲ್‌ಔಟ್ 4 ಎಂಬ ಆಟದಲ್ಲಿ ಒಂದು ಜೊತೆಗಾರ ನಾಯಿಯಿದೆ, ಅದಕ್ಕೆ ಸಾವೇ ಇಲ್ಲ. ಅದಕ್ಕೆ ಮಾದರಿಯಾದದ್ದು ಆಟ ಕಟ್ಟಿದವರಲ್ಲಿ ಒಬ್ಬರ ಮನೆಯ ಜರ್ಮನ್ ಶೆಫರ್ಡ್, ಹೆಸರು ರಿವರ್. ಆ ನಿಜವಾದ ನಾಯಿ 2021ರಲ್ಲಿ ತೀರಿಹೋಯಿತು. ಆಟದೊಳಗಿನದು ಇವತ್ತಿಗೂ ಓಡಾಡಿಕೊಂಡಿದೆ. ಮಗನ ಪ್ರಶ್ನೆ ಕೇಳಿದಾಗ ನನಗೆ ಅದೇ ನೆನಪಾಯಿತು. ಹೌದು ಕಂದಾ, ಸಾಗರದಲ್ಲಿ ಕಾಲ ನಿಲ್ಲುವುದಿಲ್ಲ.

ಆ ರಾತ್ರಿ ಎಲ್ಲ ಹೇಳಿದೆ, ಗೇಟಿನ ಮುಂದಿನ ಎಂಟು ದಿನವನ್ನೂ. ಮಗ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ. ಮೂರನೇ ದಿನ ನಮ್ಮವರು ತಾಳಗುಪ್ಪದ ರಾತ್ರಿ ರೈಲಿಗೆ ಟಿಕೆಟ್ ತಂದರು.

ಬೆಳಿಗ್ಗೆ ಬೀದಿಗೆ ಕಾಲಿಟ್ಟಾಗ ಕರಿಯ ಹಾಲಿನಮ್ಮನ ಕೊಟ್ಟಿಗೆಯ ಮುಂದೆ ಮಲಗಿದ್ದ. ಮೂತಿಯ ಸುತ್ತ ನರೆ ಬಂದಿತ್ತು. ಎದ್ದು ಬೊಗಳಿದ. ಪುಟ್ಟನ ಮುಖ ಬಾಡಿತು. ಅವನು ನೆಲಕ್ಕೆ ಕೂತು, "ಕರಿಯಾ" ಎಂದು ಮೆಲ್ಲಗೆ ಕರೆದ. ನಾಯಿ ಹತ್ತಿರ ಬಂದು ಕಾಲು ಮೂಸಿತು, ಕೈ ಮೂಸಿತು, ಆಮೇಲೆ ನೋಡಬೇಕಿತ್ತು! ಅದರ ಸದ್ದೇನು, ಕುಣಿತವೇನು! ಹುಡುಗ ಅದರ ಕಿವಿಯಲ್ಲಿ ಏನೋ ಹೇಳಿದ. ಏನೆಂದು ನಾನು ಕೇಳಲಿಲ್ಲ.

ಎರಡು ದಿನ ಇದ್ದೆವು. ಹೊರಡುವಾಗ ಕರಿಯ ಬೀದಿಯ ತಿರುವಿನವರೆಗೆ ಬಂದ. ಹಾಲಿನಮ್ಮ ಹಸುವಿಗೆ ಹುಲ್ಲು ಹಾಕುತ್ತಾ ಕರೆದ ಕೂಡಲೇ ನಿಂತು, ಒಮ್ಮೆ ನಮ್ಮ ಕಡೆ ನೋಡಿ, ಅವರ ಕಡೆಗೆ ಹೋದ. ಪುಟ್ಟ ಈ ಸಲ ಅಳಲಿಲ್ಲ. "ಲಿಡಿಯಾ ಥರ, ಮನೆಗೆ ಹೋದ ಬಿಡಮ್ಮ" ಎಂದ. ಈಗ ವಾರಕ್ಕೊಮ್ಮೆ ಹಾಲಿನಮ್ಮನಿಗೆ ಫೋನ್. ದಸರಾ ರಜೆಗೆ ಮತ್ತೆ ಪ್ರಯಾಣ.

ಕೊನೆಗೆ ಒಂದೆರಡು ಕಿವಿಮಾತು. ನಿಮ್ಮ ಮನೆಯ ಮಕ್ಕಳ ಜೊತೆಗಾರರೂ ಹೀಗೆ ಕಳೆದರೆ ಗಾಬರಿ ಬೇಡ. ಮೈನ್‌ಕ್ರಾಫ್ಟಿನಲ್ಲಿ ನಿಂತಿರುವ ಜಾಗದ ಅಂಕಿಗಳನ್ನು ಪರದೆಯ ಮೇಲೆ ತೋರಿಸಿಕೊಳ್ಳಬಹುದು. ನಾಯಿಯನ್ನು ಕೂರಿಸುವ ಮೊದಲು ಅವನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಾದರೂ ಬರೆದಿಡಲಿ. ಆಟದ ದಿಕ್ಸೂಚಿಯನ್ನು ನಂಬಿ ಮನೆ ಹುಡುಕಬೇಡಿ. ಅದು ತೋರಿಸುವುದು ಆಟ ಶುರುವಾದ ಜಾಗವನ್ನು, ಹಾಸಿಗೆ ಹಾಕಿದ ಮನೆಯನ್ನಲ್ಲ. ಸ್ಕೈರಿಮ್ ಆಡುವ ದೊಡ್ಡ ಮಕ್ಕಳಿದ್ದರೆ, ಕಳೆದ ಲಿಡಿಯಾಳನ್ನು ಮೊದಲು ಊರಿನಲ್ಲಿ, ಮನೆಯಲ್ಲಿ ಹುಡುಕಲು ಹೇಳಿ. ಚಿಕ್ಕವರಿಗೆ ಆ ಆಟವೂ ಬೇಡ, ಫಾಲ್‌ಔಟೂ ಬೇಡ. ಎರಡೂ 17 ದಾಟಿದವರಿಗೆ.

ಎಲ್ಲಕ್ಕಿಂತ ಮುಖ್ಯವಾಗಿ, ಮಗು ಅತ್ತಾಗ ನನ್ನ ಹಾಗೆ ಗದರಬೇಡಿ. ನಮ್ಮ ಅತ್ತೆಯವರ ಹಾಗೆ ಪಕ್ಕದಲ್ಲಿ ಕೂತು ಕೇಳಿ, ಎಲ್ಲಿ ಕೂರಿಸಿ ಬಂದೆ ಎಂದು. ಉತ್ತರ ಒಮ್ಮೊಮ್ಮೆ ನಮ್ಮ ಬುಡಕ್ಕೇ ಬರಬಹುದು. ಬರಲಿ ಬಿಡಿ.

ಅಂದ ಹಾಗೆ, ಆವತ್ತಿನ ಮೊದಲ ದೋಸೆ ಸೀದು ಕಪ್ಪಾಗಿತ್ತು. ನಮ್ಮವರು ಅದಕ್ಕೂ ಕರಿಯ ಎಂದೇ ಹೆಸರಿಟ್ಟರು.