ಒತ್ತಕ್ಷರ ಕತ್ತರಿಸುವ ಥೀಮುಗಳು

ಜಾಲತಾಣಗಳಿಗೆ ಪುಕ್ಕಟೆ ಸಿಗುವ ಥೀಮುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರದ ಅಳತೆಗೆ ಹೊಲಿದ ಅಂಗಿಗಳು. ಅದನ್ನೇ ಕನ್ನಡಕ್ಕೆ ತೊಡಿಸಿ, ಬಿಗಿಯಾದಾಗ "ಕಂಪ್ಯೂಟರಿಗೆ ಕನ್ನಡ ಒಗ್ಗುವುದಿಲ್ಲ" ಎನ್ನುತ್ತೇವೆ. ಬಿಚ್ಚಬೇಕಾದದ್ದು ಅಂಗಿಯ ಹೊಲಿಗೆಯನ್ನು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಲಿಪಿಯಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. 'ರಾಷ್ಟ್ರ'ದಂಥ ಪದದಲ್ಲಿ ಒತ್ತಿನ ಮೇಲೆ ಒತ್ತು. ತಲೆಬರಹದ ಪೆಟ್ಟಿಗೆಗೆ ಎತ್ತರ ನಿಗದಿ ಮಾಡಿ, ಮೀರಿದ್ದನ್ನು ಮರೆಮಾಡುವ ಥೀಮಿನಲ್ಲಿ ಈ ಒತ್ತು ಕತ್ತರಿಸಿಹೋಗುತ್ತದೆ. ಆಗ 'ಕತ್ತೆ' ಹೋಗಿ 'ಕತೆ'ಯಾಗುತ್ತದೆ, 'ಹಳ್ಳಿ' ಹೋಗಿ 'ಹಳಿ'ಯಾಗುತ್ತದೆ! ದೊಡ್ಡವರು ಊಹಿಸಿ ಓದಿಕೊಳ್ಳುತ್ತೇವೆ. ಆದರೆ ಬಸ್ಸಿನ ಬೋರ್ಡಿನಿಂದ ಅಂಗಡಿಯ ಫಲಕದವರೆಗೆ ಮಲಯಾಳವನ್ನೇ ಕಾಣುವ ಕಾಸರಗೋಡಿನ ಮಗುವಿಗೆ ಕನ್ನಡದ ಅಚ್ಚು ಕಣ್ಣಿಗೆ ಬೀಳುವುದೇ ಅಪರೂಪ. ಬಿದ್ದದ್ದೂ ತಪ್ಪಾಗಿದ್ದರೆ?

ಮದ್ದು ಸಿಎಸ್‌ಎಸ್‌ನ ನಾಲ್ಕೈದು ಸಾಲು, ಅಷ್ಟೆ. 'ಲೈನ್-ಹೈಟ್' 1.7ರ ಆಸುಪಾಸು ಇರಲಿ. ಅದನ್ನು ಪಿಕ್ಸೆಲ್ ಹಾಕದೆ ಬರಿಯ ಸಂಖ್ಯೆಯಾಗಿ ಕೊಟ್ಟರೆ ಅಕ್ಷರ ದೊಡ್ಡದಾದಂತೆ ಸಾಲಿನ ಅಂತರವೂ ಹಿಗ್ಗುತ್ತದೆ. ತಲೆಬರಹದ ನಿಗದಿ ಎತ್ತರ ತೆಗೆಯಿರಿ. 'ಲೆಟರ್-ಸ್ಪೇಸಿಂಗ್' ಸೊನ್ನೆ ಮಾಡಿ. ಉದ್ಧರಣೆಗಳ ಇಟಾಲಿಕ್ ಬಿಡಿ. ಬ್ರೌಸರ್ ಬಲವಂತವಾಗಿ ವಾಲಿಸಿದ ಕನ್ನಡ ಚಂದವೂ ಅಲ್ಲ, ಓದಲು ಸುಲಭವೂ ಅಲ್ಲ. ಟೆಂಪ್ಲೇಟಿನ ಮೊದಲಲ್ಲಿ ಭಾಷೆಯ ಗುರುತು 'ಇಎನ್' ಎಂದಿದ್ದರೆ 'ಕೆಎನ್' ಮಾಡಿ. ಕಣ್ಣು ಕಾಣದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್‌ಗೆ ಯಾವ ಭಾಷೆಯ ಧ್ವನಿಯಲ್ಲಿ ಓದಬೇಕೆಂದು ತಿಳಿಸುವ ಗುರುತು ಅದು.

ಒಂದು ಎಚ್ಚರಿಕೆ. ವರ್ಡ್‌ಪ್ರೆಸ್‌ನಲ್ಲಿ ಮೂಲ ಥೀಮಿನ ಕಡತವನ್ನೇ ತಿದ್ದಿದರೆ ಮುಂದಿನ ಅಪ್‌ಡೇಟ್ ಬಂದಾಗ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ಚೈಲ್ಡ್ ಥೀಮ್ ಮಾಡಿ ಅದರಲ್ಲಿ ಬರೆಯಬೇಕು. ಬ್ಲಾಗರ್‌ನಲ್ಲಾದರೆ ಟೆಂಪ್ಲೇಟಿನ ಪ್ರತಿ ಇಳಿಸಿಕೊಂಡ ಮೇಲೆಯೇ ಕೈಹಾಕಬೇಕು.

"ಕೋಡ್ ಗೀಡ್ ಎಲ್ಲ ಇಂಜಿನಿಯರುಗಳಿಗೆ, ಮಾಷ್ಟ್ರಿಗೆ ಯಾಕೆ?" ಎನ್ನುವವರಿದ್ದಾರೆ. ಕೇರಳದ ಶಾಲೆಗಳಿಗೆ ಈ ಮಾತು ಒಪ್ಪುವುದಿಲ್ಲ. 2001ರ ಐಟಿ ಅಟ್ ಸ್ಕೂಲ್ ಯೋಜನೆ, 2017ರಲ್ಲಿ ಅದರಿಂದಲೇ ರೂಪುಗೊಂಡ 'ಕೈಟ್' ಸಂಸ್ಥೆ ನಮಗೆ ಸ್ವತಂತ್ರ ತಂತ್ರಾಂಶವನ್ನೇ ಕಲಿಸಿವೆ. ಸ್ವತಂತ್ರ ಎಂದರೆ ಪುಕ್ಕಟೆ ಎಂದಷ್ಟೇ ಅಲ್ಲ, ತೆರೆದು ನೋಡುವ, ತಿದ್ದುವ ಹಕ್ಕು. ವರ್ಡ್‌ಪ್ರೆಸ್ ಹೊತ್ತಿರುವ ಜಿಪಿಎಲ್ ಪರವಾನಗಿ ಕೊಡುವುದೂ ಅದನ್ನೇ. ಹಕ್ಕಿನ ಪಾಠ ಮಾಡಿ, ಬಳಸುವ ಹೊತ್ತಿಗೆ ಕೈಕಟ್ಟಿ ಕೂರುವುದು ಯಾವ ನ್ಯಾಯ?

1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ನಾವು ಅರ್ಜಿ, ಫಲಕ, ಪ್ರಶ್ನೆಪತ್ರಿಕೆ ಕನ್ನಡದಲ್ಲಿರಲಿ ಎಂದು ಸರಕಾರವನ್ನು ಕೇಳುತ್ತಾ ಬಂದಿದ್ದೇವೆ. ಕೇಳಬೇಕಾದದ್ದೇ. ಆದರೆ ನಮ್ಮದೇ ಪುಟದಲ್ಲಿ ಕನ್ನಡ ನೆಟ್ಟಗೆ ನಿಲ್ಲಲು ಯಾವ ಮನವಿಯೂ ಬೇಡ, ಯಾವ ಆದೇಶವೂ ಬೇಡ. ಒಂದು ಭಾನುವಾರದ ಮಧ್ಯಾಹ್ನ ಸಾಕು.

ನೀವೇನಂತೀರಿ?