ಕಾದಂಬರಿಕಾರರಿಗೆ ಚಪ್ಪಾಳೆ ಸಾಕು, ಕಾಸು ಕೊಡಿ!

ಕನ್ನಡದ ಹುಡುಗರೇ, ಹುಡುಗಿಯರೇ, ಇವತ್ತು ಒಂದು ಲೆಕ್ಕ ಹಾಕೋಣ.

ಜೆ.ಪಿ. ನಗರದ ಯಾವುದೋ ಬೀದಿ, ಮೂರನೇ ಮಹಡಿಯ ಬಾಡಿಗೆ ಕೋಣೆ. ಅಲ್ಲಿ ಕೂತು ಒಬ್ಬರು ಮೂರು ವರ್ಷ ಬೆವರು ಸುರಿಸಿ ಒಂದು ಕಾದಂಬರಿ ಬರೆದರು ಅಂತಿಟ್ಟುಕೊಳ್ಳಿ. ಬೆಲೆ 300 ರೂಪಾಯಿ. ಅಚ್ಚಾದದ್ದು ಸಾವಿರ ಪ್ರತಿ. ನೂರಕ್ಕೆ ಹತ್ತರಂತೆ ಗೌರವಧನ. ಒಂದೂ ಉಳಿಯದೆ ಎಲ್ಲ ಪ್ರತಿ ಮಾರಾಟವಾದರೂ ಲೇಖಕರ ಕೈಗೆ ಬರುವುದು 30,000 ರೂಪಾಯಿ. ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 833! ಜೆ.ಪಿ. ನಗರದ ಬಾಡಿಗೆಯ ಮಾತು ಹಾಗಿರಲಿ, ಮನೆಗೆ ತಿಂಗಳ ಹಾಲು ಬಂದೀತೇ?

ಆ ಮೂರು ವರ್ಷ ಏನು ಕೆಲಸ ಅಂತೀರಾ? ಎಸ್.ಎಲ್. ಭೈರಪ್ಪನವರು 'ಪರ್ವ' ಬರೆಯುವ ಮುಂಚೆ ಮಹಾಭಾರತದ ನೆಲವನ್ನೆಲ್ಲ ಸುತ್ತಿದರು, ಹಿಮಾಲಯ ಹತ್ತಿದರು. 1979ರಲ್ಲಿ ಪುಸ್ತಕ ನಿಮ್ಮ ಕೈಗೆ ಬಂತು. ಆ ಅಲೆದಾಟ ಅದರ ಬೆಲೆಯಲ್ಲಿ ಸೇರಲಿಲ್ಲ. ಓದಬೇಕು, ಅಲೆಯಬೇಕು, ಕರಡು ಬರೆಯಬೇಕು, ಹರಿದು ಹಾಕಿ ಮತ್ತೆ ಬರೆಯಬೇಕು. ಆಮೇಲೆ ಪ್ರಕಾಶಕರ ಬಾಗಿಲು. ಅವರು ಒಪ್ಪಿದರೆ ಡಿಟಿಪಿ, ಎರಡು ಮೂರು ಸಲ ಪ್ರೂಫ್ ತಿದ್ದುವುದು, ಮುಖಪುಟ, ಬೆನ್ನುಡಿ, ಅಚ್ಚು. ಕೊನೆಗೆ ಬಿಡುಗಡೆ ಸಮಾರಂಭ, ಹಾರ, ಶಾಲು, ಉಪ್ಪಿಟ್ಟು, ಕಾಫಿ. ಕಾಫಿ ಕುಡಿದವರಲ್ಲಿ ಪುಸ್ತಕ ಕೊಂಡವರು ಎಷ್ಟು ಜನ? ಎದೆ ಮುಟ್ಟಿಕೊಂಡು ಹೇಳಿ!

ಈ ಪಾಡು ಇವತ್ತಿನದಲ್ಲ. ಕಾದಂಬರಿ ಓದುವ ಕನ್ನಡಿಗರು ಇನ್ನೂ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಓದುಗರನ್ನು ಹುಡುಕಿಕೊಂಡು ಹೋದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಾವೇ ಅಚ್ಚುಕೂಟ ನಡೆಸಿದರು. ನಮ್ಮ ಅ.ನ. ಕೃಷ್ಣರಾಯರು ಲೇಖನಿಯನ್ನೇ ನಂಬಿ ಬದುಕಿ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. 1960ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಅದೇ ಅನಕೃ, ಆ ದಶಕದಲ್ಲೇ ಬೆಂಗಳೂರಿನ ಬೀದಿಗಿಳಿದು ಕನ್ನಡ ಕಲಾವಿದರ ಪಾಲು ಕೇಳಿದರು. ಬರೆಯುವುದೂ ಚಳವಳಿಯೂ ಅವರಿಗೆ ಬೇರೆ ಬೇರೆಯಾಗಿರಲಿಲ್ಲ. ಬೋರ್ಡು ಕನ್ನಡದಲ್ಲಿರಲಿ ಎಂದು ಕೂಗುವ ನಾವು ಅವರ ಅರ್ಧ ದಾರಿಯಲ್ಲೇ ನಿಂತಿದ್ದೇವೆ. ಬೋರ್ಡು ಓದುತ್ತೇವೆ, ಪುಸ್ತಕ ಓದುವುದಿಲ್ಲ!

ನಾವು ಮಾಡುತ್ತಿರುವುದೇನು? ಲೇಖಕರು ಪರಿಚಯವಿದ್ದರೆ "ಸಾರ್, ನನಗೊಂದು ಗೌರವ ಪ್ರತಿ" ಅನ್ನುತ್ತೇವೆ. ಪರಿಚಯವಿಲ್ಲದಿದ್ದರೆ "ಪಿಡಿಎಫ್ ಇದ್ರೆ ಕಳಿಸು ಮಗಾ" ಅಂತ ವಾಟ್ಸಾಪ್ ಗುಂಪಿನಲ್ಲಿ ಕೇಳುತ್ತೇವೆ. ಕದ್ದ ಪಿಡಿಎಫ್ ಹಂಚುವುದನ್ನು ಕನ್ನಡ ಸೇವೆ ಎಂದು ತಿಳಿದವರೂ ಇದ್ದಾರೆ. ಗೆಳೆಯರೇ, ಅದು ಸೇವೆಯಲ್ಲ, ಆ 833 ರೂಪಾಯಿಗೂ ಕನ್ನ! 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಎದೆಯುಬ್ಬಿಸಿದೆವು. ಸರಿಯೇ. ಆದರೆ ಅವರು ದಶಕಗಳಿಂದ ಕನ್ನಡದಲ್ಲಿ ಬರೆಯುತ್ತಲೇ ಇದ್ದರಲ್ಲ, ಆಗ ನಾವು ಎಲ್ಲಿದ್ದೆವು? ಲಂಡನ್ನಿನವರು ಹೇಳಿದ ಮೇಲೆಯೇ ನಮ್ಮ ಮನೆಯ ದೀಪ ನಮಗೆ ಕಾಣಬೇಕೇ?

ಓದುಗರೇ ಇಲ್ಲ ಅನ್ನುವುದೂ ಸುಳ್ಳು. ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದ ವಸುಧೇಂದ್ರ 2019ರಲ್ಲಿ ತಮ್ಮದೇ ಛಂದ ಪುಸ್ತಕದಿಂದ 'ತೇಜೋ ತುಂಗಭದ್ರಾ' ತಂದರು. ದಪ್ಪ ಕಾದಂಬರಿ, ಪೋರ್ಚುಗಲ್ಲಿನಿಂದ ವಿಜಯನಗರದವರೆಗಿನ ಕಥೆ. ಜನ ಕೊಂಡು ಓದಿದರು, ಮತ್ತೆ ಮತ್ತೆ ಅಚ್ಚಾಯಿತು. ಓದುವವರು ಇದ್ದಾರೆ. ಅವರ ಸಂಖ್ಯೆ ಬೆಳೆಯಬೇಕು, ಅಷ್ಟೆ.

ಇನ್ನು ಸರ್ಕಾರದ ಪಾಲು. ನಿಮ್ಮ ಅಪ್ಪನೋ ಮನೆ ಮಾಲೀಕರೋ ಕಟ್ಟುವ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಹಣ ಅದು. ಜೆ.ಪಿ. ನಗರದ ಪ್ರತಿ ಮನೆಯೂ ಅದನ್ನು ಕೊಡುತ್ತಿದೆ. ಬಿಬಿಎಂಪಿ ಇದ್ದ ಕಾಲದಲ್ಲಿ ಹೀಗೆ ವಸೂಲಾದ ನೂರಾರು ಕೋಟಿಯನ್ನು ಗ್ರಂಥಾಲಯ ಇಲಾಖೆಗೆ ಕೊಡದೆ ಬಾಕಿ ಉಳಿಸಿಕೊಂಡದ್ದು ಪತ್ರಿಕೆಗಳಲ್ಲಿ ಎಷ್ಟು ಸಲ ಬಂತು! ಆ ಹಣವೇ ಬಾರದಿದ್ದರೆ ಇಲಾಖೆ ಪುಸ್ತಕ ಕೊಳ್ಳುವುದು ಹೇಗೆ? ಕೊಂಡ ಪುಸ್ತಕಕ್ಕೆ ದುಡ್ಡು ಕೊಡುವುದು ಹೇಗೆ? ಪ್ರಕಾಶಕರಿಗೆ ಹಣ ತಡವಾದರೆ ಮೊದಲು ನಿಲ್ಲುವುದು ಹೊಸಬರ ಮೊದಲ ಕಾದಂಬರಿ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಬೋರ್ಡು ಬದಲಾದರೆ ಸಾಲದು, ನಮ್ಮ ಕರದ ಹಣ ಗ್ರಂಥಾಲಯಕ್ಕೆ ಸೇರಬೇಕು. ಇದನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು!

ಹಕ್ಕು ಕೇಳುವವರು ತಮ್ಮ ಕರ್ತವ್ಯವನ್ನೂ ಮಾಡಬೇಕು. ಜೆ.ಪಿ. ನಗರ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿಯಿರಿ. ಗಾಂಧಿಬಜಾರಿನ ಪುಸ್ತಕದಂಗಡಿಗೆ ನಡೆದೇ ಹೋಗಬಹುದು. ತಿಂಗಳಿಗೆ ಒಂದೇ ಒಂದು ಕನ್ನಡ ಕಾದಂಬರಿ ದುಡ್ಡು ಕೊಟ್ಟು ಕೊಳ್ಳಿ. ವಾರಾಂತ್ಯದ ಒಂದು ಸಿನಿಮಾ ಟಿಕೆಟ್ಟಿನ ಕಾಸು ಅದು. ಹೊಸಬರ ಪುಸ್ತಕವಾದರೆ ಇನ್ನೂ ಒಳ್ಳೆಯದು. ಓದಿ, ಜಗಳವಾಡಿ, ಹಿಡಿಸದಿದ್ದರೆ ಬೈಯಿರಿ. ಕೊಂಡು ಓದಿದವರಿಗೆ ಬೈಯುವ ಹಕ್ಕೂ ಇದೆ!

ಗಳಗನಾಥರು ಹೊತ್ತ ಗಂಟನ್ನು ಇನ್ನಾದರೂ ನಾವು ಹೊರೋಣ. ಹೆಗಲ ಮೇಲೆ ಬಾವುಟವಿರಲಿ, ಕಂಕುಳಲ್ಲಿ ಪುಸ್ತಕವೂ ಇರಲಿ.