ಸ್ವಯಂಸೇವಕನೆಂಬ ಬಿರುದು ಯಾರ ಕೈಯಲ್ಲಿದೆ?

ಸ್ಟಾಕ್‌ಹೋಮಿನ ಕಟರೀನಾವೇಗನ್ ರಸ್ತೆಯಲ್ಲಿ 'ಲಾ ಮಾನೊ' ಎಂಬ ಸ್ಮಾರಕವಿದೆ. ಲಿಸ್ ಎರಿಕ್ಸನ್ ರೂಪಿಸಿದ ಈ ಕೈ, ಫ್ರಾಂಕೋ ವಿರುದ್ಧ ಸ್ಪೇನಿನಲ್ಲಿ ಹೋರಾಡಿದ ಅಂತರರಾಷ್ಟ್ರೀಯ ದಳಗಳ ಸ್ವೀಡಿಷ್ ಸ್ವಯಂಸೇವಕರ ನೆನಪಿನದು. ಹೋದವರು ಸುಮಾರು 500 ಮಂದಿ. ಅವರಲ್ಲಿ ಮೂರನೆಯ ಒಂದು ಪಾಲು ಮರಳಲಿಲ್ಲ. ಸ್ಮಾರಕ ಎದ್ದದ್ದು 1977ರಲ್ಲಿ, ಫ್ರಾಂಕೋ ಸತ್ತ ಮೇಲೆ. ಅವರು ಬದುಕಿ ಹೋರಾಡುತ್ತಿದ್ದಾಗ ಸ್ವೀಡನ್ ಅವರಿಗೆ ಕೊಟ್ಟದ್ದು 1937ರ ನಿಷೇಧ ಕಾನೂನನ್ನು.

ಮೂರೇ ವರ್ಷಗಳಲ್ಲಿ ಅದೇ ರಾಜ್ಯದ ಭಾಷೆ ಬದಲಾಯಿತು. 1939ರ ನವೆಂಬರ್ 30ರಂದು ಸೋವಿಯತ್ ಸೇನೆ ಫಿನ್‌ಲೆಂಡಿನ ಮೇಲೆ ಎರಗಿದಾಗ 'ಫಿನ್‌ಲೆಂಡಿನ ಹಿತ ನಮ್ಮ ಹಿತ' ಎಂಬ ಘೋಷಣೆ ಮೊಳಗಿತು. ಅರ್ನ್ಸ್ಟ್ ಲಿಂಡರ್ ನಾಯಕತ್ವದ ಸ್ವಯಂಸೇವಕ ದಳಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಜನ ಸೇರಿದರು; ಸರ್ಕಾರ ಅವರಿಗೆ ದಾರಿ ಬಿಟ್ಟಿತು, ಅಸ್ತ್ರಗಳನ್ನೂ ಒದಗಿಸಿತು. ಅದೇ ಚಳಿಗಾಲದಲ್ಲಿ ಉತ್ತರದ ಸ್ಟೋರ್ಸಿಯೆನ್ ಎಂಬಲ್ಲಿ ಮುನ್ನೂರಕ್ಕೂ ಹೆಚ್ಚು ಎಡಪಂಥೀಯರನ್ನು ಸೈನಿಕ ಸೇವೆಯ ನೆಪದಲ್ಲಿ ಕೂಡಿಹಾಕಿ, ಬಂದೂಕು ಕೊಡದೆ ದುಡಿಸಲಾಯಿತು. ಅವರ ನಡುವೆ ಸ್ಪೇನಿನಿಂದ ಮರಳಿದವರೂ ಇದ್ದರು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಸರ್ಕಾರವನ್ನಷ್ಟೇ ಹಳಿಯುವುದು ನಮ್ಮ ಬಳಗಕ್ಕೆ ರೂಢಿ. ಆದರೆ ಫಿನ್‌ಲೆಂಡಿನ ಮೇಲಿನ ಆಕ್ರಮಣ ಆಕ್ರಮಣವೇ ಆಗಿತ್ತು. ಅಂದು ಸ್ವೀಡನ್ನಿನ ಕಮ್ಯುನಿಸ್ಟ್ ಪಕ್ಷ ಅದನ್ನು ಸಮರ್ಥಿಸಿತು. ಮ್ಯಾಡ್ರಿಡ್‌ಗಾಗಿ ಮಿಡಿದ ಹೃದಯ ಹೆಲ್ಸಿಂಕಿಯ ಮೇಲೆ ಬಾಂಬು ಬಿದ್ದಾಗ ಏಕೆ ಮಿಡಿಯಲಿಲ್ಲ ಎಂಬ ಪ್ರಶ್ನೆಗೆ ನಾವೂ ಉತ್ತರಿಸಬೇಕು. ತನಗೆ ಬೇಕಾದವನನ್ನು ವೀರನೆಂದೂ ಬೇಡವಾದವನನ್ನು ಅಪರಾಧಿಯೆಂದೂ ಕರೆಯುವ ಚಾಳಿ ಸರ್ಕಾರಕ್ಕೆ ಮಾತ್ರ ಮೀಸಲಲ್ಲ.

ಈ ಹಳೆಯ ಲೆಕ್ಕವನ್ನು ಇಂದು ಕೆದಕಲು ಕಾರಣವಿದೆ. 2022ರಲ್ಲಿ ಉಕ್ರೇನ್ ಅಂತರರಾಷ್ಟ್ರೀಯ ಸೇನಾದಳ ಕಟ್ಟಿದಾಗ ಸ್ವೀಡನ್ನಿನಿಂದಲೂ ಜನ ಹೊರಟರು. ಅದು ತಿಳಿದು ಮಾಡಿದ ಆಯ್ಕೆ. ಅದೇ ಯುದ್ಧದ ಇನ್ನೊಂದು ಬದಿಗೆ ನಮ್ಮ ಕಲಬುರಗಿಯ ಯುವಕರೂ ತಲುಪಿದ್ದರು. ಕಾವಲಿನ ಕೆಲಸ, ಸಹಾಯಕನ ಕೆಲಸ ಎಂದು ನಂಬಿಸಿದ ದಲ್ಲಾಳಿಗಳು ಅವರನ್ನು ರಷ್ಯನ್ ಸೇನೆಗೆ ಒಪ್ಪಿಸಿದ್ದರು. ಅವರು 2024ರ ಸೆಪ್ಟೆಂಬರಿನಲ್ಲಿ ಊರು ಸೇರಿದರು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ: ರಷ್ಯನ್ ಸೇನೆಯಲ್ಲಿದ್ದ 126 ಭಾರತೀಯರ ಪೈಕಿ 12 ಮಂದಿ ಸತ್ತಿದ್ದಾರೆ, 16 ಮಂದಿ ನಾಪತ್ತೆಯಾಗಿದ್ದಾರೆ ಎಂದು 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯವೇ ಹೇಳಿತು.

ಕಾಗದದ ಮೇಲೆ ಅವರೂ ಸ್ವಇಚ್ಛೆಯಿಂದ ಸಹಿ ಹಾಕಿದವರೇ. 'ದುಡ್ಡಿನಾಸೆಗೆ ಹೋದರು, ಅನುಭವಿಸಿದರು' ಎಂಬ ಮಾತನ್ನು ವಲಸೆ ಕನ್ನಡಿಗರ ಕೂಟಗಳಲ್ಲಿಯೇ ಕೇಳಿದ್ದೇನೆ. ಸಂಬಳಕ್ಕಾಗಿಯೇ ಕಡಲು ದಾಟಿದ ನಮ್ಮ ಬಾಯಲ್ಲಿ ಇದು ಶೋಭಿಸುವ ಮಾತಲ್ಲ. ನಮ್ಮನ್ನು ಕರೆಸಿದ ಪತ್ರದಲ್ಲಿದ್ದ ಕೆಲಸವೇ ಇಲ್ಲಿ ನಮಗೆ ಸಿಕ್ಕಿತು. ಬೇಡವೆನಿಸಿದರೆ ಬಿಟ್ಟು ಹೊರಡಬಹುದಿತ್ತು. ಅವರಿಗೂ ನಮಗೂ ಇರುವ ಅಂತರ ಇಷ್ಟೇ.

ಆದ್ದರಿಂದ ಸ್ವಯಂಸೇವಕನನ್ನು ಅಳೆಯಬೇಕಾದ್ದು ಅವನು ಹಿಡಿದ ಬಾವುಟದಿಂದಲ್ಲ. ಎಲ್ಲಿಗೆ ಹೋಗುತ್ತಿದ್ದೇನೆಂಬುದು ಅವನಿಗೆ ಗೊತ್ತಿತ್ತೇ? ಒಲ್ಲೆನೆನ್ನುವ, ಮರಳುವ ದಾರಿ ಅವನಿಗಿತ್ತೇ? ಈ ಎರಡಕ್ಕೆ ಉತ್ತರ ಸಿಕ್ಕ ಮೇಲೆ ಅವನು ಯಾವ ಪಕ್ಷದಲ್ಲಿ ನಿಂತನೆಂದು ವಾದಿಸೋಣ. ಸ್ಪೇನಿಗೆ ಹೋದವರಿಗೆ ಸ್ಮಾರಕ ಸಿಗಲು ನಾಲ್ಕು ದಶಕ ಬೇಕಾಯಿತು. ಕಲಬುರಗಿಯ ಹುಡುಗರು ಕೇಳುತ್ತಿರುವುದು ಸ್ಮಾರಕವನ್ನಲ್ಲ, ಮಾರಿದವರಿಗೆ ಶಿಕ್ಷೆಯನ್ನು ಮತ್ತು ಊರಲ್ಲೇ ಒಂದು ಕೆಲಸವನ್ನು. ಅಷ್ಟನ್ನಾದರೂ ನಾವು ಅವರ ಪರವಾಗಿ ಗಟ್ಟಿಯಾಗಿ ಕೇಳಬೇಕು.